ಮಿಕ್ಸರ್ ಚಿಪ್ಪಿಗೆ ಬಿದ್ದ ಭಂಡಾರ

ರಾಡಾರಿಗೆ ಮರಳಿ ಬರುವ ಅಲೆ ಅಳತೆಗೆ ಸಿಗದಷ್ಟು ವೇಗವಾಗಿ ಕಂಪಿಸುತ್ತದೆ. ಅದನ್ನು ಇನ್ನೊಂದು ಅಲೆಯ ಜೊತೆ ಬೆರೆಸಿ ಆ ಕಂಪನವನ್ನು ನಿಧಾನಕ್ಕಿಳಿಸುವ ಸರ್ಕಿಟ್ಟೇ ಮಿಕ್ಸರ್. ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ನಾನು ವರ್ಷಗಟ್ಟಲೆ ಅಂಥದ್ದೊಂದನ್ನು ಸಿಲಿಕಾನ್ ಚಿಪ್ಪಿಗಾಗಿ ವಿನ್ಯಾಸ ಮಾಡಿದೆ. ಹಲವು ಫ್ರೀಕ್ವೆನ್ಸಿಗಳಲ್ಲಿ ದುಡಿಯಬೇಕಾದ ವೈಡ್‌ಬ್ಯಾಂಡ್ ರಾಡಾರಿನ ಕೆಲಸವೆಂದರೆ ಗಿಡ್ಡ ಕೌದಿ ಹೊದ್ದ ಹಾಗೆ. ಮೇಲಿನ ಫ್ರೀಕ್ವೆನ್ಸಿ ಸರಿಮಾಡಿದರೆ ಕೆಳಗಿನದು ಕೆಡುತ್ತಿತ್ತು. ಕೊನೆಗೂ ಹೊರದೇಶದಲ್ಲಿ ತಯಾರಾಗಿ ಬಂದ ಚಿಪ್ಪುಗಳಲ್ಲಿ, ಪರೀಕ್ಷೆಗೆ ಮೊದಲೇ ಸುಟ್ಟವು ಸುಟ್ಟು, ಒಂದು ಉಳಿಯಿತು. ನನ್ನ ಪಿಎಚ್‌ಡಿ ಅದರ ಮೇಲೆಯೇ ನಿಂತಿತ್ತು.

ಅದನ್ನು ದೂರದ ಲ್ಯಾಬಿಗೆ ಒಯ್ಯುವ ದಿನ ಅವ್ವ ಅಡ್ಡ ನಿಂತಳು. ಮನೆದೇವರು ಬೀರೇಶ್ವರನ ಭಂಡಾರ, ಎಂದರೆ ಗುಡಿಯ ಅರಿಶಿನ ಪುಡಿ, ಬೀಳದೆ ನಮ್ಮ ಮನೆತನದಲ್ಲಿ ಯಾವ ಹೊಸ ಸಾಮಾನೂ ಕೆಲಸಕ್ಕೆ ಹತ್ತುವುದಿಲ್ಲ. ಅವ್ವ, ಕಾಕಾನ ಜೊತೆ ಹಿಪ್ಪರಗಿಯ ಗುಡಿಗೆ ಹೋಗಿ, ಹೊಸ ಟ್ರ್ಯಾಕ್ಟರೊಂದರ ಹಿಂದೆ ಚಿಪ್ಪಿನ ಡಬ್ಬಿ ಹಿಡಿದು ಪಾಳಿ ನಿಂತೆ.

“ಮುಚ್ಚಳ ತಗೀರಿ. ದೇವರಿಗಿ ಕಾಣಬೇಕಲ್ಲ?” ಎಂದ ಪೂಜಾರಿ. ತೆಗೆದೆ. “ಎಲ್ಲೈತ್ರಿ?”

“ನಡಕ, ಎಳ್ಳಿನಷ್ಟ ಐತಿ ನೋಡ್ರಿ. ಚಿಟಿಕಿ ಸಾಕ್ರಿ…”

ಅಷ್ಟರಲ್ಲಿ ಟ್ರ್ಯಾಕ್ಟರಿಗೆಂದು ಎತ್ತಿದ ಹಿಡಿಯಲ್ಲಿ ಉಳಿದ ಅರಿಶಿನವೆಲ್ಲ ಡಬ್ಬಿಗೆ ಬಿತ್ತು. ದೇವರ ಮುಂದೆಯೇ ಬಾಯಿಗೆ ಬಂದಂತೆ ಬೈದೆ. ಅರಿಶಿನ ಊದಿ ತೆಗೆಯಲು ಕಾಕಾ ಟೈರಿಗೆ ಗಾಳಿ ಹಾಕುವ ಪೈಪು ಎಳೆದುಕೊಂಡು ಓಡಿಬಂದ. ಡಬ್ಬಿಯನ್ನು ಎದೆಗವಚಿಕೊಂಡೆ.

“ಒರಸಬ್ಯಾಡೋ ತಮ್ಮಾ, ಭಂಡಾರ ಒರಸಬಾರದು” ಎಂದಳು ಅವ್ವ. ಒರೆಸಿದರೆ ಕೂದಲಿಗಿಂತ ಸಣ್ಣ ತಂತಿಗಳು ಹರಿಯುತ್ತಿದ್ದವು. ಹಾಗಾಗಿ ಅವ್ವನೂ ವಿಜ್ಞಾನವೂ ಜೀವಮಾನದಲ್ಲಿ ಒಮ್ಮೆ ಒಂದೇ ಮಾತು ಆಡಿದಂತಾಯಿತು.

ಲ್ಯಾಬಿನಲ್ಲಿ ತಲೆಗೆ ಟೊಪ್ಪಿಗೆ, ಕೈಗೆ ಗ್ಲೌಸು ಹಾಕಿಕೊಂಡಿದ್ದ ತಂತ್ರಜ್ಞ ಸೂಕ್ಷ್ಮದರ್ಶಕದಲ್ಲಿ ಇಣುಕಿ, “ಈ ಹಳದಿ ಏನು ಸರ್?” ಎಂದ. “ಪ್ರಸಾದ” ಎಂದೆ. ಅಲೆ ಹರಿಸಿದೆವು, ಪರದೆ ಮೇಲೆ ಏನೂ ಬರಲಿಲ್ಲ. ನನಗೆ ಅಳು ಬಂತು. ಪೂಜಾರಿಯನ್ನು, ಅವ್ವನನ್ನು, ಬೀರೇಶ್ವರನನ್ನು ಮನಸ್ಸಿನಲ್ಲೇ ಶಪಿಸಿದೆ. ಆಗ ಆತ, “ಸರ್, ಎರಡನೇ ಅಲೆಯ ಸ್ವಿಚ್ಚೇ ಹಾಕಿಲ್ಲ” ಎಂದ. ಬೆರೆಸಲು ಒಂದೇ ಅಲೆ ಕೊಟ್ಟು ಕೂತಿದ್ದೆವು. ಹಾಕಿದೊಡನೆ ಲೆಕ್ಕ ಹಾಕಿದ ಜಾಗದಲ್ಲೇ ಸಿಗ್ನಲ್ ಎದ್ದು ನಿಂತಿತು.

ಫೋನಿನಲ್ಲಿ ಹೇಳಿದರೆ ಅವ್ವನಿಗೆ ಆಶ್ಚರ್ಯವೇ ಇಲ್ಲ. “ಭಂಡಾರ ಬಿದ್ದ ಮ್ಯಾಲ ಬರದ ಎಲ್ಲಿ ಹೋಗತೈತಿ?”

ಕೆಲವು ತಿಂಗಳ ಮೇಲೆ ಪಿಎಚ್‌ಡಿಯ ಪರೀಕ್ಷಕರು ಇನ್ನೊಮ್ಮೆ ಅಳೆಯಲು ಹೇಳಿದರು. ಚಿಪ್ಪು ಆಗಲೇ ಮನೆಯ ದೇವರ ಜಗಲಿ ಏರಿ, ಅಮಾವಾಸ್ಯೆಗೊಮ್ಮೆ ಭಂಡಾರ ಪಡೆಯುತ್ತ ಅದರಡಿ ಕಾಣದಂತಾಗಿತ್ತು. “ದೇವರಿಗಿ ಕೊಟ್ಟಿದ್ದು ತಿರುಗಿ ಕೇಳತಾರೇನು? ಹುಚ್ಚರ ಅದಾರೇನ ಅವರು?” ಎಂದಳು ಅವ್ವ. ಚಿಪ್ಪು ಬೇರೆ ಸೇವೆಯಲ್ಲಿದೆ ಎಂದು ಬರೆದೆ. ಅವರೂ ಒಪ್ಪಿದರು.

ಪದವಿಪತ್ರವನ್ನು ಮಾತ್ರ ಲ್ಯಾಮಿನೇಷನ್ ಮಾಡಿಸಿಯೇ ಮನೆಗೆ ತಂದೆ.