ಗೇಟಿನಿಂದ ಹದಿನೆಂಟು ಹೆಜ್ಜೆ

ನಮ್ಮೂರು ಹೂಗ್ಯಂನ ಹೊರಗೆ, ಕಾಡಿನ ದಾರಿಗೆ ಅಡ್ಡ ಹಾಕಿದ್ದ ಕಬ್ಬಿಣದ ಗೇಟಿನಿಂದ ಹದಿನೆಂಟು ಹೆಜ್ಜೆ ಈಚೆಗೆ, ಎಡಬದಿಯ ಮೋರಿಕಟ್ಟೆಯ ಮೇಲೆ ನಾನು ನಿಂತಿದ್ದೆ. ಸೋಮವಾರ. ರಾಮಾಪುರದ ಮೊದಲ ಬಸ್ಸು ಹೋಗಿ ಕಾಲು ಗಂಟೆಯಾಗಿತ್ತು. ಬಿಸಿಲು ಬೆನ್ನಿಗಿತ್ತು; ಕಣ್ಣಿಗೆ ಏನೂ ಅಡ್ಡವಿರಲಿಲ್ಲ. ಆಮೇಲೆ ಆ ಹೆಜ್ಜೆಗಳನ್ನು ಮೂರು ಸಲ ಎಣಿಸಿ ನೋಡಿದ್ದೇನೆ.

ಮಾದಣ್ಣ ದನಗಳ ಮುಂದೆ ನಡೆದು ಬರುತ್ತಿದ್ದ. ನಮ್ಮ ಕಡೆ ಎಲ್ಲರೂ ಕೋಲು ಹಿಡಿದು ದನದ ಹಿಂದೆ ನಡೆಯುವವರೇ. ಅವನು ಮಾತ್ರ ಬರಿಗೈಯಲ್ಲಿ ಮುಂದೆ ಹೋಗುತ್ತ, ತಿರುಗಿಯೂ ನೋಡದೆ, "ಬಾವ್ವಾ, ಬಾ" ಎನ್ನುತ್ತಿದ್ದ. ಮರದ ಗಂಟೆ ಕಟ್ಟಿದ ಕೆಂದಹಸು ಅವನ ಹಿಂದೆ, ಉಳಿದವು ಅದರ ಹಿಂದೆ.

ಒಮ್ಮೆ ಅವನ ಕರು ನಮ್ಮ ಹುರುಳಿ ಹೊಲ ಮೇಯ್ದಿತ್ತು. ನಮ್ಮವ್ವ ಅದನ್ನು ನೋಡಿಯೇ ಇರಲಿಲ್ಲ. ಅವನಾಗಿಯೇ ಬಂದು ಜಗಲಿಯ ಮೇಲೆ ಕೂತು, ಬೈಸಿಕೊಂಡೇ ಹೋಗುತ್ತೇನೆ ಎಂದ. ಅವ್ವನಿಗೆ ನಗು ಬಂತು, ಕಾಫಿ ತಂದಿಟ್ಟಳು.

"ಕಾಫಿ ಆಮ್ಯಾಕೆ ಕುಡಿತೀನಿ, ಮೊದ್ಲು ಬಯ್ಯವ್ವ," ಎಂದ.

ಅವ್ವ ಎರಡು ಮಾತು ಬೈದ ಮೇಲೆಯೇ ಲೋಟ ಮುಟ್ಟಿದ.

ಕಾಡಿನೊಳಕ್ಕೆ ದನ ಬಿಡಬಾರದೆಂದು ಆದೇಶ ಬಂದು, ಗೇಟಿಗೆ ಬೀಗ ಬಿದ್ದಾಗ, ಊರಿನವರು ಹಳ್ಳದ ಕಡೆಯಿಂದ ಕದ್ದು ಬಿಡತೊಡಗಿದರು. ಮಾದಣ್ಣ ಹಾಗೆ ಕದ್ದು ಬಿಡಲಿಲ್ಲ. ನಾನು ಆಗ ಊರಿನ ಪೋಸ್ಟಾಫೀಸು ನೋಡಿಕೊಳ್ಳುತ್ತಿದ್ದೆ. ಅಲ್ಲಿಗೆ ಬಂದು, ಅರಣ್ಯ ಇಲಾಖೆಗೊಂದು ಕಾಗದ ಬರೆದುಕೊಡು ಎಂದ: ಬರುವ ಸೋಮವಾರ ನಿಮ್ಮ ಆದೇಶ ಮೀರಿ ಗೇಟಿನ ದಾರಿಯಲ್ಲೇ ಕಾಡಿಗೆ ದನ ತರುತ್ತೇವೆ, ನಮ್ಮ ಹೆಸರುಗಳು ಕೆಳಗಿವೆ.

ನನ್ನ ತಮ್ಮ ನಂಜುಂಡ ಅಲ್ಲೇ ಇದ್ದ. "ಮದ್ವೆ ಕಾಗ್ದ ಅಂಚ್ದಂಗೆ ಅಂಚ್ತೀಯಲ್ಲ ಮಾದಣ್ಣ, ಅಕ್ಸತೆನೂ ಇಡು ಮತ್ತೆ," ಎಂದು ನಕ್ಕ.

ಮಾದಣ್ಣನೂ ನಕ್ಕ. ಆಮೇಲೆ ಹೇಳಿದ: "ಕದ್ದು ನುಗ್ಗುದ್ರೆ ನಾವು ಕಳ್ರು, ಅವ್ರ ಕಾನೂನು ಸರಿ ಅಂತ ಆಯ್ತದೆ ಕಣ್ಲಾ. ಯೋಳೇ ಓಗನ. ಇಡ್ಕಂಡ್ರೆ ಇಡ್ಕಳ್ಳಿ. ಅಪ್ಪ ಮೇಯ್ಸಿದ ಜಾಗ್ದಲ್ಲಿ ಮಗ ದನ ಮೇಯ್ಸುದ, ಅದ್ಕೆ ಜೈಲು ಅಂತ ಅವ್ರ ಕೈಲೇ ಬರಿಲಿ. ಬರ್ದಿದ್ದ ಅವ್ರೇ ಓದ್ಕಳ್ಳಿ."

ಹೊಡೆದರೆ ಏನು ಮಾಡುವುದು ಎಂದು ನಾನು ಕೇಳಿದೆ.

"ಒಡುಸ್ಕಳದು. ಗೇಟ್ ಕಾಯೋನೂ ನಮ್ಮಂಗೆ ಕೂಲಿ ಮಾಡೋರ ಮಗ. ಅವ್ನ ಮೈ ಮುಟ್ಟುದ್ರೆ ನಮ್ಮ ಮಾತು ಅವತ್ಗೇ ಮುಗೀತು."

ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದಕ್ಕೇ ಆ ದಿನ ಎಲ್ಲರೂ ಬಿಡುವಾಗಿದ್ದರು. ಊರಬಾಗಿಲ ಹೊಂಗೆಮರದಡಿ ಒಬ್ಬೊಬ್ಬರೂ ಕೋಲು ಹಾಕಿ ಮುಂದೆ ಹೋಗಬೇಕು ಎಂದು ಮಾದಣ್ಣ ಹೇಳಿದ್ದ. ಹಾಕಿದರು. ನಂಜುಂಡನೂ ಹಾಕಿದ. ಆದರೆ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆ ಅವನ ಸೊಂಟದಲ್ಲೇ ಇತ್ತು. ನಾನು ನೋಡಿದೆ. ಕೋಲು ತಾನೇ ಹಾಕಬೇಕೆಂದದ್ದು ಎಂದುಕೊಂಡು ಸುಮ್ಮನಾದೆ; ಎಲ್ಲರಿಗಿಂತ ಮುಂದೆ ಹೋಗಿ ಮೋರಿಕಟ್ಟೆ ಹತ್ತಿದೆ.

ಗೇಟಿನಲ್ಲಿದ್ದ ಗಾರ್ಡು ಮಾಂಬಳ್ಳಿಯವನು, ಇನ್ನೂ ಹುಡುಗುಮುಖ. ಕಾಗದ ಮುಟ್ಟಿತ್ತೆಂದು ಕಾಣುತ್ತದೆ, ಪುಸ್ತಕ ತೆಗೆದ. ಮಾದಣ್ಣ ತನ್ನ ಹೆಸರನ್ನೂ ಅಪ್ಪನ ಹೆಸರನ್ನೂ ನಿಧಾನವಾಗಿ ಹೇಳಿ ಬರೆಸತೊಡಗಿದ. ಗಾರ್ಡು ತಲೆ ಬಗ್ಗಿಸಿ ಬರೆಯುತ್ತಿದ್ದ. ನನ್ನ ಬಲಕ್ಕೆ ಕವಣೆ ತಿರುಗಿದ ಸದ್ದು ಕೇಳಿ ಅತ್ತ ನೋಡಿದೆ. ನಂಜುಂಡನ ಕೈ ಮೇಲಿತ್ತು. ಕಲ್ಲು ಮಾದಣ್ಣನ ತಲೆಯ ಮೇಲಿಂದ ಹೋಗಿ ಗಾರ್ಡಿನ ಬಲಹುಬ್ಬಿಗೆ ಬಡಿಯಿತು.

ಜನ ಓಡಿದರು. ನಾನೂ ಓಡಿದೆ. ತಿರುಗಿ ನೋಡಿದಾಗ ಮಾದಣ್ಣ ತಲೆವಸ್ತ್ರ ಬಿಚ್ಚಿ ಗಾರ್ಡಿನ ಹಣೆಗೆ ಒತ್ತಿ ಹಿಡಿದು ಕೂತಿದ್ದ. ಕೆಂದಹಸು ಪಕ್ಕದಲ್ಲೇ ನಿಂತಿತ್ತು.

ಪೊಲೀಸರು ಬಂದಾಗ ಅವನು, ಇವರನ್ನು ಕರೆತಂದವನು ನಾನು ಎಂದಷ್ಟೇ ಹೇಳಿದನಂತೆ. ಎಸೆದವನು ತಾನಾಗಿಯೇ ಎದ್ದು ನಿಲ್ಲುತ್ತಾನೆ ಎಂದು ಜೈಲಿಗೆ ನೋಡಹೋದವರಿಗೆಲ್ಲ ಹೇಳುತ್ತಿದ್ದ. ಕೊಳ್ಳೇಗಾಲದ ಕೋರ್ಟಿನಲ್ಲಿ ಅವನ ವಕೀಲರು ನನ್ನನ್ನು ಸಾಕ್ಷಿಗೆ ಕರೆದರು. ಎಲ್ಲಿ ನಿಂತಿದ್ದಿರಿ ಎಂದು ಕೇಳಿದರು.

"ಹಿಂದ್ಗಡೆ ಇದ್ದೆ ಸಾ. ಏನೂ ಕಾಣ್ನಿಲ್ಲ."

ಮಾದಣ್ಣ ನನ್ನ ಕಡೆ ನೋಡಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದ, ಯಾರೋ ಬರುವವರಿದ್ದಾರೆ ಎನ್ನುವ ಹಾಗೆ. ಯಾರೂ ಬರಲಿಲ್ಲ. ಕಲ್ಲೂ ಅವನದೇ ಎಂದಾಯಿತು. ಕಲ್ಲು ಹೊಡೆಯುವವರ ಊರು ಎಂಬ ಹೆಸರು ನಮಗೆ ಬಂತು. ನಮ್ಮ ಕಾಗದವನ್ನು ಆಮೇಲೆ ಯಾರೂ ಕೈಯಲ್ಲಿ ಹಿಡಿಯಲಿಲ್ಲ. ಊರಿನಲ್ಲೂ ಕೆಲವರು, ಬೇಡ ಬೇಡ ಎನ್ನುತ್ತಲೇ ತಾನೇ ಕಲ್ಲು ಹೊಡೆಸಿದ ಎಂದು ಮಾತಾಡಿಕೊಂಡರು. ನಂಜುಂಡನೂ ಹಾಗೆಂದದ್ದನ್ನು ನಾನು ಕೇಳಿದ್ದೇನೆ.

ಎಂಟು ತಿಂಗಳ ಮೇಲೆ ಅವನು ಜೈಲಿನಿಂದ ಹಿಂದಿರುಗಿದ. ಕೊನೆಯ ಸಲ ನಾನವನನ್ನು ಕಂಡದ್ದು ಕೆರೆಯ ಏರಿಯ ಮೇಲೆ. ದನಗಳು ಮುಂದಿದ್ದವು. ಅವನು ಹಿಂದೆ, ಕೈಯಲ್ಲಿ ಕೋಲು. ಇದೇನು ಮಾದಣ್ಣ ಹಿಂದೆ ನಡೆಯುತ್ತೀಯ ಎಂದೆ.

"ಮುಂದೆ ನಡುದ್ರೆ ಇಂದ್ಗಡೆ ಏನಾಯ್ತದೆ ಅಂತ ಕಾಣಾಕಿಲ್ವಲ್ಲಪ್ಪ," ಎಂದ. ಸ್ವಲ್ಪ ದೂರ ಹೋಗಿ ನಿಂತ. "ಪುಟ್ಸಾಮಿ, ಅವತ್ತು ನೀ ಎಲ್ಲಿ ನಿಂತಿದ್ದೆ?"

ಅವನು ಬಹಳ ಹೊತ್ತು ಕಾದ. ದನಗಳು ಮುಂದೆ ಹೋದದ್ದರಿಂದ ಅವನೂ ಹೋದ. ಆ ಬೇಸಿಗೆಯಲ್ಲೇ ತೀರಿಕೊಂಡ. ಅವನು ಕೇಳಿದ್ದಕ್ಕೆ ಉತ್ತರವನ್ನು ಇದರ ಮೊದಲ ಸಾಲಿನಲ್ಲಿ ಬರೆದಿದ್ದೇನೆ.

ಕವಣೆ ತಿರುಗಿದ್ದನ್ನು ನನ್ನ ಜೊತೆ ನೋಡಿದವರು ಇಬ್ಬರು. ಟೀ ಅಂಗಡಿ ಮುರುಗ ಈಗಿಲ್ಲ. ಮೋರಿಯ ಕೆಳಗೆ ಮೇಕೆ ಹಿಡಿದು ನಿಂತಿದ್ದ ಚಿಕ್ಕತಾಯಮ್ಮ ಇದ್ದಾಳೆ, ಕಣ್ಣೂ ಚೆನ್ನಾಗಿದೆ. ಅವಳನ್ನು ಯಾರೂ ಕೇಳಿಲ್ಲ. ಎಸೆದ ನಂಜುಂಡ ಹನೂರಿನಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ನಾನಿದ್ದೇನೆ.