ಗೇರ್‌ಬಾಕ್ಸ್ ಹೇರಿಕೊಂಡು ನರಸೀಪುರಕ್ಕೆ

ನಾವು ನಂಜನಗೂಡು ಬಿಟ್ಟಾಗ ಬೆಳಗಿನ ಏಳೂವರೆ. ಕಪಿಲೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಕಾರಿನ ಹಿಂದಿನ ಸೀಟು ಮಡಚಿ, ಗೋಣಿಚೀಲ ಹಾಸಿ, ಅದರ ಮೇಲೆ ಒಂದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಲಗಿಸಿದ್ದೆವು. ಅದನ್ನು ಎತ್ತಿಡಲು ನಾಲ್ಕು ಜನ ಬೇಕಾಯಿತು. ಸ್ಟಿಯರಿಂಗ್ ಹಿಡಿದವನು ನಾನು, ಪಕ್ಕದಲ್ಲಿ ಕೂತವನು ಕಾರಿನ ಯಜಮಾನ ಸಿದ್ದರಾಜು. ನರಸೀಪುರ ಅಲ್ಲಿಂದ ಮೂವತ್ತು ಕಿಲೋಮೀಟರಿಗೆ ಆಚೀಚೆ, ಒಳ್ಳೆಯ ಡ್ರೈವರಿಗೆ ಮುಕ್ಕಾಲು ಗಂಟೆಯ ದಾರಿ. ನಮಗೆ ಎರಡು ಗಂಟೆ ಹಿಡಿಯಿತು. ಒಳ್ಳೆಯ ಡ್ರೈವರು ಪಕ್ಕದ ಸೀಟಿನಲ್ಲಿದ್ದದ್ದೇ ಅದಕ್ಕೆ ಕಾರಣ.

ಸಿದ್ದರಾಜು ಹೆಮ್ಮರಗಾಲದವನು. ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ನಾನು ನಿವೃತ್ತನಾಗುವವರೆಗೂ ನಕ್ಷೆ ಬರೆಯುತ್ತಿದ್ದೆ, ಅವನು ಅಲ್ಲಿ ವ್ಯಾನ್ ಓಡಿಸುತ್ತಿದ್ದ. ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದು ಎಡಮಂಡಿ ಪುಡಿಯಾಯಿತು. ಡಾಕ್ಟರು ರಾಡು ಹಾಕಿ ಕಾಲು ಉಳಿಸಿದರು, ಆದರೆ ಮಂಡಿ ಮಡಚುವುದಿಲ್ಲ. ಮಂಡಿ ಮಡಚದಿದ್ದರೆ ಕ್ಲಚ್ ತುಳಿಯಲಾಗುವುದಿಲ್ಲ. ಫ್ಯಾಕ್ಟರಿಯವರು ಅವನನ್ನು ಗೇಟಿನಲ್ಲಿ ಕೂರಿಸಿ, ಒಳಗೆ ಹೋಗುವ ಬರುವ ಗಾಡಿಗಳ ನಂಬರು ಬರೆಯುವ ಕೆಲಸ ಕೊಟ್ಟರು. ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದವನಿಗೆ ಬೇರೆಯವರು ಓಡಿಸುವ ಗಾಡಿಯ ನಂಬರು ಬರೆಯುವ ಕೆಲಸ.

ಮನೆಯ ಮುಂದೆ ಅವನದೇ ಹಳೆಯ ಡೀಸೆಲ್ ಕಾರು ನಿಂತಿತ್ತು. ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಅದಕ್ಕೆ ಕೂಡಿಸಿದರೆ ಬಲಗಾಲು ಒಂದರಲ್ಲೇ ಓಡಿಸಬಹುದು ಎಂದು ಯಾರೋ ಅವನ ತಲೆಗೆ ಹುಳ ಬಿಟ್ಟಿದ್ದರು. ಅದನ್ನು ಕೊಬ್ಬಿಸಿದವನು ನಾನು. ಕ್ಲಚ್ ಪ್ಲೇಟ್ ಬದಲಿಸಲು ಅವನ ಗೇರ್‌ಬಾಕ್ಸ್ ಇಳಿಸಿದ್ದಾಗ, ಇಂಜಿನ್ನಿನ ಹಿಂಬದಿಗೆ ದಪ್ಪ ಕ್ಯಾಲೆಂಡರ್ ಹಾಳೆಯೊಂದನ್ನು ಒತ್ತಿ ಬೋಲ್ಟು ತೂತುಗಳ, ಸ್ಟಾರ್ಟರ್ ಮೋಟಾರು ಕೂರುವ ಬಾಯಿಯ ಗ್ರೀಸ್ ಅಚ್ಚು ತೆಗೆದೆ. ಮನೆಗೆ ತಂದು ಅಚ್ಚು ಬಿದ್ದಲ್ಲೆಲ್ಲ ಕಾಗದಕ್ಕೂ ತೂತು ಕೊರೆದೆ. ಮೈಸೂರಿನ ಗುಜರಿಯಲ್ಲಿ ಅದೇ ಕಂಪನಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸಿಕ್ಕಿತು. ಕಾಗದ ಇಟ್ಟು ನೋಡಿದೆ. ತೂತಿಗೆ ತೂತು ಕೂತಿತು. "ತಗೋ, ಕಣ್ಣು ಮುಚ್ಚಿಕೊಂಡು ತಗೋ" ಎಂದೆ. ಅವನು ತೆಗೆದುಕೊಂಡ.

ಅದನ್ನು ಕೂಡಿಸಬಲ್ಲವನು ನರಸೀಪುರದ ಜವರಣ್ಣ ಒಬ್ಬನೇ ಎಂದು ನಂಜನಗೂಡಿನ ಮೆಕ್ಯಾನಿಕ್‌ಗಳು ಕೈ ತೊಳೆದುಕೊಂಡಿದ್ದರಿಂದ ಈ ಪ್ರಯಾಣ.

ಊರು ದಾಟುವಷ್ಟರಲ್ಲಿ ನಾನು ಎರಡು ಸಲ ಇಂಜಿನ್ ಆಫ್ ಮಾಡಿದೆ. ಕ್ಲಚ್ ಬಿಡುವುದರಲ್ಲಿ ನನ್ನದು ಮೊದಲಿಂದಲೂ ಒರಟು ಕಾಲು. ಸಿದ್ದರಾಜು ಬಯ್ಯಲಿಲ್ಲ. ಸೀಟು ಪೂರ್ತಿ ಹಿಂದಕ್ಕೆ ಸರಿಸಿ, ಎಡಗಾಲು ಉದ್ದಕ್ಕೆ ಚಾಚಿ, ಇಂಜಿನ್ನಿನ ಸದ್ದನ್ನೇ ಕೇಳುತ್ತ ಕೂತಿದ್ದ. ಹುಲ್ಲು ತುಂಬಿದ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿಕೊಂಡಾಗ ಮಾತ್ರ ತಡೆಯಲಾಗಲಿಲ್ಲ.

"ಎರಡಕ್ಕಿಳ್ಸಣ್ಣೊ. ಕೇಳುಸ್ತಾ ಇಲ್ವಾ ನಿಂಗೆ? ಕೊಸರಾಡ್ತಾ ಅದೆ."

"ಏನು ಕೊಸರಾಡ್ತಾ ಇದೆ?"

"ಇಂಜಿನ್ ಕಣಣ್ಣ. ಎಳ್ಯಕಾಯ್ತಿಲ್ಲ ಅಂತ ಯೋಳ್ತಾ ಅದೆ."

ನನಗೆ ಗಡಗಡ ಎನ್ನುವುದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಎರಡನೇ ಗೇರಿಗೆ ಇಳಿಸಿದೆ. ಕಾರು ಸಲೀಸಾಗಿ ಮುಂದೆ ಹೋಯಿತು. ಓರೆಗಣ್ಣಿನಲ್ಲಿ ನೋಡಿದರೆ ಅವನ ಎಡಗೈ ತೊಡೆಯ ಮೇಲೆ ತಾನಾಗಿಯೇ ಗೇರು ಹಾಕುತ್ತಿತ್ತು. ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ.

ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆವು. ಇಡ್ಲಿ ಬಿಸಿಯಾಗಿತ್ತು, ಚಟ್ನಿಗೆ ಕಾಯಿ ಧಾರಾಳವಾಗಿ ಹಾಕಿದ್ದರು, ಪ್ಲೇಟಿಗೆ ನಲವತ್ತು ರೂಪಾಯಿ. ಕಾಫಿ ಮಾತ್ರ ಬಿಸಿನೀರಿಗೆ ಬಣ್ಣ ಬಳಿದಂತಿತ್ತು. ಸಿದ್ದರಾಜು ಅದನ್ನೂ ಖುಷಿಯಿಂದ ಕುಡಿದ. ಬರುವಾಗ ತಾನೇ ಓಡಿಸುತ್ತೇನೆಂದೂ ನಾನು ಹಾಯಾಗಿ ನಿದ್ದೆ ಮಾಡಬಹುದೆಂದೂ ಹೇಳಿದ.

ಜವರಣ್ಣನ ಗ್ಯಾರೇಜು ನರಸೀಪುರದ ಹೊರಗೆ, ಒಂದು ಹುಣಸೆಮರದ ಕೆಳಗೆ ಎರಡು ಶೀಟಿನ ಮಾಡು. ಹಿಂದೆ ಗದ್ದೆ ಕೊಯ್ದ ಬಯಲು. ಜವರಣ್ಣನಿಗೆ ಅರವತ್ತರ ಹತ್ತಿರ ವಯಸ್ಸು, ಮಾತು ನಿಧಾನ. ಹಿಂಬಾಗಿಲು ತೆರೆದು ಗೇರ್‌ಬಾಕ್ಸ್ ನೋಡಿದ, ಕಾರಿನ ಬಾನೆಟ್ ಎತ್ತಿ ನೋಡಿದ, ಮತ್ತೆ ಗೇರ್‌ಬಾಕ್ಸ್ ನೋಡಿದ.

"ಇದ್ನ ಯಾರ್ ಸಾ ಒಂದಾಯ್ತದೆ ಅಂದೋರು?"

ನಾನು ಎದೆ ಉಬ್ಬಿಸಿಕೊಂಡೇ, ಗುಜರಿಯಲ್ಲಿ ಅಳತೆ ನೋಡಿದ್ದನ್ನು ಹೇಳಿ, ಕ್ಯಾಲೆಂಡರ್ ಹಾಳೆ ತೆಗೆದುಕೊಟ್ಟೆ. ಅದರ ಒಂದು ಬದಿಯಲ್ಲಿ ಶ್ರೀಕಂಠೇಶ್ವರನ ಪಟ, ಇನ್ನೊಂದು ಬದಿ ಖಾಲಿ. ಗ್ರೀಸ್ ಅಚ್ಚು ತೆಗೆದದ್ದು ಖಾಲಿ ಬದಿಗೆ. ದೇವರ ಮುಖಕ್ಕೆ ಗ್ರೀಸ್ ತಾಕಬಾರದಲ್ಲ.

"ಗುಜ್ರೀಲಿ ಎಂಗೆ ಮಡಗಿದ್ರಿ?"

ಪಟ ಮೇಲೆ ಬರುವಂತೆ ಇಟ್ಟು ತೋರಿಸಿದೆ. ಜವರಣ್ಣ ಹಾಳೆಯನ್ನು ಒಮ್ಮೆ ನೋಡಿ, ಕಣ್ಣಿಗೊತ್ತಿಕೊಂಡು, ಮಗುಚಿ ಹಾಕಿದ. ಇಂಜಿನ್ನಿಗೆ ಒತ್ತಿದ ಬದಿ ಇಂಜಿನ್ನಿನ ಕಡೆಗೇ ಇರಬೇಕು. ಗೇರ್‌ಬಾಕ್ಸಿನ ಮೇಲೆ ಇಡುವಾಗ ಅಚ್ಚು ಮೇಲೆ, ಪಟ ಕೆಳಗೆ. ನಾನು ಗುಜರಿಯ ಎಣ್ಣೆ ಕೊಳೆಯ ಮೇಲೆ ದೇವರನ್ನು ಬೋರಲು ಮಲಗಿಸಲಾರದೆ ಪಟವನ್ನು ಮೇಲೆ ಮಾಡಿದ್ದೆ. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಜವರಣ್ಣ ಮಗುಚಿದ ಮೇಲೆ ಬೋಲ್ಟು ತೂತುಗಳು ಹೆಚ್ಚುಕಡಿಮೆ ಕೂಡಿದರೂ, ಸ್ಟಾರ್ಟರ್ ಮೋಟಾರು ಕೂರಬೇಕಾದ ಬಾಯಿ ಗೇರ್‌ಬಾಕ್ಸಿನ ಆ ಬದಿಯಲ್ಲಿ ಇರಲೇ ಇಲ್ಲ. ಮೂವತ್ತೊಂದು ವರ್ಷ ನಕ್ಷೆ ಬರೆದವನು ನಾನು. ನೆಲ ಬಾಯಿ ಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ.

"ಬಾಯಿ ಕೊರ್ದು ಸರಿ ಮಾಡಕಾಗಲ್ವಾ?" ಎಂದು ಸಿದ್ದರಾಜು ಕೇಳಿದ. ಅವನ ದನಿ ಸಣ್ಣಗಾಗಿತ್ತು.

"ಕೊರೀಬೋದು ಕಣಪ್ಪ. ಕೊರೆದ್ರೂ ಇವೆಲ್ಡೂ ಕೂಡಿ ಬಾಳಲ್ಲ" ಎಂದು ಜವರಣ್ಣ ಒಂದು ಟಯರಿನ ಮೇಲೆ ಕೂತ. "ಇದು ಪೆಟ್ರೋಲ್ ಗಾಡಿ ಬಾಕ್ಸು. ಪೆಟ್ರೋಲ್ ಇಂಜಿನ್ ಜೋರಾಗಿ ತಿರುಗುದ್ಮೇಲೆ ಸಕ್ತಿ ಕೊಡೋದು. ನಿಂದು ಡೀಸಲ್ಲು, ನಿಧಾನಕ್ ತಿರುಗ್ವಾಗ್ಲೇ ಎಳ್ದುಬುಡ್ತದೆ, ಜೋರಾದ್ರೆ ಉಸುರು ಕಟ್ತದೆ. ಯಾವಾಗ ಗೇರ್ ಬದಲಾಯಿಸ್ಬೇಕು ಅಂತ ಈ ಬಾಕ್ಸ್‌ಗೆ ಕಂಪ್ನಿಯೋರು ಮೊದ್ಲೇ ಕಲ್ಸಿರ್ತಾರೆ, ಆ ಇಂಜಿನ್ನಿಗೆ ಮಾತ್ರವ. ನಿನ್ ಇಂಜಿನ್ ಸಾಕು ಸಾಕು ಅಂತಿರ್ತದೆ, ಇದು ಇನ್ನೂ ಕಾಯ್ತಾ ಕೂತಿರ್ತದೆ. ಮ್ಯಾನುವಲ್‌ನಲ್ಲಿ ಆ ರಗಳೆ ಇಲ್ಲ. ಅಲ್ಲಿ ಇಂಜಿನ್ನಿಗೂ ಗೇರಿಗೂ ಜೊತೆ ಕೂಡ್ಸೋನು ಡ್ರೈವರ್ರು. ಅವ್ನ ಕಿವಿ, ಅವ್ನ ಕಾಲು."

ಸಿದ್ದರಾಜು ತನ್ನ ಕಾಲು ನೋಡಿಕೊಂಡ. ಹಾಗೆ ಹೇಳಬಾರದಿತ್ತೆಂದು ಜವರಣ್ಣನಿಗೂ ಅನ್ನಿಸಿರಬೇಕು, ಎದ್ದು ಹೋಗಿ ಇಬ್ಬರಿಗೂ ಟೀ ತರಿಸಿದ.

ಆಮೇಲೆ ಅವನೇ ಇನ್ನೊಂದು ದಾರಿ ಹೇಳಿದ. ಗೇರ್‌ಬಾಕ್ಸ್ ಹಳೆಯದೇ ಇರಲಿ. ಗೇರ್ ಕಡ್ಡಿಗೇ ಒಂದು ಕೈಹಿಡಿ ಕೂರಿಸಿ, ಅಲ್ಲಿಂದ ಕೇಬಲ್ ಎಳೆದು ಕ್ಲಚ್ಚಿಗೆ ಕಟ್ಟಿದರೆ, ಕಾಲು ಮಾಡುವ ಕೆಲಸವನ್ನು ಎಡಗೈ ಮಾಡುತ್ತದೆ. ಆರ್‌ಟಿಓ ಆಫೀಸಿನಲ್ಲಿ ತೋರಿಸಿ, ಗಾಡಿಯ ಬುಕ್ಕಿನಲ್ಲೂ ಲೈಸೆನ್ಸಿನಲ್ಲೂ ಬರೆಸಿಕೊಂಡ ಮೇಲೆ ರಸ್ತೆಗೆ ಇಳಿಸಬಹುದು.

"ಬ್ಯಾಡ" ಎಂದು ಸಿದ್ದರಾಜು ಒಂದೇ ಮಾತಿನಲ್ಲಿ ಮುಗಿಸಿದ.

ಬರಿಗೈಯಲ್ಲಿ ಅಂದೇ ಮನೆಗೆ ಹೋಗಲು ಸಿದ್ದರಾಜು ಒಪ್ಪದ್ದರಿಂದ ಆ ದಿನ ಅಲ್ಲೇ ಉಳಿದೆವು. ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜು, ಬಾಡಿಗೆ ಆರುನೂರು, ಕಿಟಕಿಗೆ ಬಾಗಿಲಿದೆ ಆದರೆ ಮುಚ್ಚುವುದಿಲ್ಲ. ಮಧ್ಯಾಹ್ನ ಮುದ್ದೆ, ಹುರುಳಿ ಸಾರು ಉಂಡೆವು. ಉಂಡವನು ನಾನು, ಅವನು ಮುದ್ದೆ ಮುರಿದು ಹಾಗೇ ಬಿಟ್ಟ. ಸಂಜೆ ಕಾವೇರಿ, ಕಪಿಲೆ ಕೂಡುವ ಸಂಗಮದ ಮೆಟ್ಟಿಲ ಮೇಲೆ ಹೋಗಿ ಕೂತೆವು. ನೀರು ತೆಳ್ಳಗಿತ್ತು, ಚಳಿ ಏಳುತ್ತಿತ್ತು. ತಪ್ಪು ನನ್ನದು ಎಂದು ಹೇಳಿದೆ.

"ಫ್ಯಾಕ್ಟ್ರೀಲಿ ನೀನು ಗೆರೆ ಎಳ್ದ ಅಂದ್ರೆ ಯಾರೂ ಇನ್ನೊಂದ್ಸಲ ಅಳೀತಿರ್ಲಿಲ್ಲ ಕಣಣ್ಣ" ಎಂದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಕೈ ಕ್ಲಚ್ ಯಾಕೆ ಬೇಡ ಎಂದು ಕೇಳಿದೆ.

"ಆಟೋಮ್ಯಾಟಿಕ್ ಅಂದ್ರೆ ಸಾವ್ಕಾರ್ರೂ ಓಡುಸ್ತಾರೆ. ನೋಡ್ದೋರು ಸಿದ್ದರಾಜು ವಸಿ ಮುಂದ್ಕೆ ಬಂದ ಅಂತಾರೆ. ಕೈಲಿ ಎಳ್ಯೋದು ಕಂಡ್ರೆ ಏನಂತಾರೆ? ಅದು ಕುಂಟನ್ ಗಾಡಿ ಅಂತಾರೆ."

ಅಷ್ಟು ದಿನ ಅವನಿಗೆ ಬೇಕಾದದ್ದು ಗೇರ್‌ಬಾಕ್ಸ್ ಎಂದುಕೊಂಡಿದ್ದೆ. ನೋಡಿದವರಿಗೆ ಕಾಲಿನ ಸಂಗತಿ ಗೊತ್ತಾಗದಂತೆ ಮತ್ತೆ ಡ್ರೈವರಾಗುವುದು ಅವನಿಗೆ ಬೇಕಿತ್ತು. ಅವನ ಊರುಗೋಲು ಮೆಟ್ಟಿಲಿನಿಂದ ಜಾರುತ್ತಿತ್ತು, ಅದನ್ನು ಹಿಡಿದುಕೊಂಡು ಕೂತೆ.

ಮರುದಿನ ಬೆಳಿಗ್ಗೆ ಕಾರು ತೆಗೆದುಕೊಂಡು ವಾಪಸ್ಸು ಹೊರಡುವುದೆಂದು ಗ್ಯಾರೇಜಿಗೆ ಹೋದೆವು. ಅಷ್ಟರಲ್ಲಿ ಅಲ್ಲಿಗೆ ಒಂದು ಸಣ್ಣ ಬಿಳಿ ಕಾರು ಬಂತು. ಓಡಿಸುತ್ತಿದ್ದವರು ನಲವತ್ತರ ಒಬ್ಬ ಟೀಚರ್. ಕಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ. ಅವರ ಕಾರಿಗೆ ಬ್ರೇಕ್, ಕ್ಲಚ್ ಎಲ್ಲ ಕೈಯಲ್ಲೇ. ಕೇಬಲ್ ಸಡಿಲವಾಗಿದೆ, ಒಂಬತ್ತೂವರೆಗೆ ಸ್ಕೂಲ್ ಬೆಲ್, ಬೇಗ ಬಿಗಿ ಮಾಡಿ ಎಂದು ಜವರಣ್ಣನಿಗೆ ಗದರಿದರು. ಅವನು ಕಾರಿನ ಕೆಳಗೆ ನುಗ್ಗಿದ. ಸಿದ್ದರಾಜು ಊರುಗೋಲು ಊರಿಕೊಂಡು ಕಿಟಕಿಯ ಹತ್ತಿರ ಹೋಗಿ, ಆ ಕೈಹಿಡಿಯನ್ನೇ ನೋಡುತ್ತ ನಿಂತ.

"ಏನ್ರೀ, ನೀವೂ ಹಾಕಿಸ್ತೀರಾ?" ಎಂದು ಟೀಚರ್ ಕೇಳಿದರು.

"ಇಲ್ಲ ಮೇಡಂ. ಸುಮ್ನೆ ನೋಡ್ದೆ." ತಡೆದು, "ಜನ ಏನಾದ್ರೂ ಅಂತಾರಾ ಮೇಡಂ?" ಎಂದ.

"ಅಂತಾರೆ. ಬಸ್ ತಪ್ಪಿದ ದಿನ ಡ್ರಾಪ್ ಕೊಡಿ ಅಂತ ಅವರೇ ಫೋನೂ ಮಾಡ್ತಾರೆ. ಮೊದಲ ಒಂದು ವಾರ ಕೈ ನೋಯುತ್ತೆ, ಎಣ್ಣೆ ಹಚ್ಚಿಕೊಳ್ಳಿ." ಕೇಬಲ್ ಬಿಗಿಯಾಯಿತು. ಟೀಚರ್ ಒಂದೇ ಸಲಕ್ಕೆ ಕಾರು ಹಿಂದಕ್ಕೆ ತೆಗೆದು, ಹುಣಸೆಮರ ಬಳಸಿ ರಸ್ತೆಗಿಳಿದು ಹೋದರು.

ಸಿದ್ದರಾಜು ಆ ಕಾರು ಹೋದ ದಿಕ್ಕನ್ನೇ ನೋಡಿದ. "ಚೆನ್ನಾಗ್ ಓಡುಸ್ತಾರೆ" ಎಂದ. ಆಮೇಲೆ ಜವರಣ್ಣನ ಕಡೆ ತಿರುಗಿ, "ಎಷ್ಟೊತ್ತಾಯ್ತದಣ್ಣ, ಅದ್ನ ಹಾಕಕೆ?" ಎಂದು ಕೇಳಿದ.

ಸಂಜೆ ನಾಲ್ಕರವರೆಗೆ ಆಯಿತು. ನನ್ನ ಗೇರ್‌ಬಾಕ್ಸು ಯಾವುದಾದರೂ ಪೆಟ್ರೋಲ್ ಗಾಡಿಗೆ ಬರುತ್ತದೆಂದು ಜವರಣ್ಣ ಮೂಲೆಗೆ ಉರುಳಿಸಿದ. ಕೈಹಿಡಿಯ ಎತ್ತರ ಸಿದ್ದರಾಜುವಿನ ತೋಳಿಗೆ ಸರಿಹೋಗಲು ಮೂರು ಸಲ ಬಿಚ್ಚಿ ಕೂರಿಸಿದ. ಅಳತೆ ತೆಗೆಯಲು ನನ್ನನ್ನು ಕರೆದ. ನಾನು ಎರಡೆರಡು ಸಲ ಅಳೆದೆ. ಕಾಗದಪತ್ರ ಆಗುವವರೆಗೆ ಕಾರು ಅಲ್ಲೇ ಇರುವುದು, ನಾವಿಬ್ಬರೂ ಐದೂವರೆಯ ಬಸ್ಸಿಗೆ ಹೊರಡುವುದು ಎಂದು ತೀರ್ಮಾನವಾಯಿತು. ಆದರೆ ಹಿಂದಿನ ಬಯಲು ಜವರಣ್ಣನ ಸ್ವಂತದ್ದು. ಅಲ್ಲಿ ಓಡಿಸಿ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮೊದಲ ಸಲ ಇಂಜಿನ್ ಆಫ್ ಆಯಿತು. ಎರಡನೇ ಸಲ ಕಾರು ಕಪ್ಪೆಯ ಹಾಗೆ ನೆಗೆದು ನಿಂತಿತು. ಸಿದ್ದರಾಜು ಬೆವರು ಒರೆಸಿಕೊಂಡ. ನಾನು ಹತ್ತಿರ ಹೋಗಲು ಹೊರಟರೆ ಜವರಣ್ಣ ತೋಳು ಹಿಡಿದು ನಿಲ್ಲಿಸಿದ. ಮೂರನೇ ಸಲ ಸಿದ್ದರಾಜು ಕೈಹಿಡಿಯನ್ನು ಬಹಳ ಮೆಲ್ಲಗೆ ಬಿಟ್ಟ. ಕಾರು ಹೊರಟಿತು. ಬಯಲಿನ ಕೊನೆಯಲ್ಲಿ ಎರಡನೇ ಗೇರು ಬಿದ್ದ ಸದ್ದು ನನ್ನ ಕಿವಿಗೂ ಕೇಳಿಸಿತು. ಒಂದು ಸುತ್ತು ಮುಗಿಸಿ ನಮ್ಮ ಮುಂದೆಯೇ ಹಾದುಹೋದ, ನಮ್ಮ ಕಡೆ ನೋಡಲಿಲ್ಲ. ಎರಡು ಸುತ್ತು, ಐದು ಸುತ್ತು. ಬಸ್ಸಿನ ಹೊತ್ತು ಆಗುತ್ತ ಬಂತು.

"ಕರೀಬ್ಯಾಡಿ ಸಾ. ಮುಂದಿನ್ ಬಸ್ಸಿಗೋದ್ರಾಯ್ತು" ಎಂದ ಜವರಣ್ಣ.

ಆಗ ನನ್ನ ಫೋನು ಬಡಿದುಕೊಂಡಿತು. ಸಿದ್ದರಾಜುವಿನ ಹೆಂಡತಿ ಮಾದೇವಮ್ಮ. ದನಿ ಗಾಬರಿಯಾಗಿತ್ತು.

"ಅಣ್ಣಾವ್ರೆ, ಎಲ್ಲವ್ರೆ ಅವ್ರು? ಆಗ್ಲಿಂದ ಮಾಡ್ತಾ ಇವ್ನಿ, ಫೋನೇ ಎತ್ತುತಾ ಇಲ್ಲ." ಗೇಟಿನಲ್ಲಿ ಕೂತ ಈ ಎರಡು ವರ್ಷದಲ್ಲಿ ಗಂಡ ಮೊದಲ ರಿಂಗಿಗೇ ಫೋನು ಎತ್ತದೆ ಇದ್ದದ್ದಿಲ್ಲವಂತೆ.

ನಾನು ಕೈ ಬೀಸಿದೆ. ಸಿದ್ದರಾಜು ಸುತ್ತು ಪೂರೈಸಿ ಬಂದು, ಕಾರನ್ನು ಬದಿಗೆ ತೆಗೆದು, ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಕಿಟಕಿಯಿಂದ ಕೈ ಚಾಚಿ ನನ್ನ ಫೋನು ತೆಗೆದುಕೊಂಡ.

"ಏನಮ್ಮಿ?" ಎಂದ. "ಗಾಡಿ ಓಡುಸ್ತಾ ಇದ್ದೆ ಕಣಮ್ಮಿ, ಅದ್ಕೇ ಎತ್ನಿಲ್ಲ."

ಅವನು ಫೋನು ಕಿವಿಗೆ ಒತ್ತಿಕೊಂಡು, ಸ್ಟಿಯರಿಂಗ್ ಮೇಲಿನ ಕೈ ತೆಗೆಯದೆ, ಅವಳ ಮಾತಿಗೆ ಕಾಯುತ್ತ ಕೂತ.