ಬುಟ್ಟಿ ಇಳಿಸಲು ಜಾಗವಿಲ್ಲದ ಅಂಗಡಿ

ಅಂಗಡಿಯ ಮೆಟ್ಟಿಲಿಗೆ ಮೊಳೆ ನೆಟ್ಟಿದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದೆ. ಕಳೆದ ವಾರ, ನಮ್ಮ ಕಾರವಾರದಲ್ಲೇ. ಥಳಥಳ ಹೊಳೆಯುವ ಸ್ಟೀಲ್ ಮೊಳೆಗಳು, ಸಾಲಾಗಿ. ಯಾರೂ ಕೂರಬಾರದು, ಏನೂ ಇಡಬಾರದು ಅಂತ. ("ಡಿಸೈನ್ ಎಲಿಮೆಂಟ್, ಆಂಟಿ" ಅಂದ ಮಾಲೀಕ. ಕಾನ್ವೆಂಟಿನಲ್ಲಿ ಕಲಿತ ನನ್ನ ಇಂಗ್ಲಿಷಿಗೂ ಇದು ಹೊಸದು.)

ಸಿಟ್ಟು ಬಂದಾಗ ಟೆನ್ ತನಕ ಕೌಂಟ್ ಮಾಡಿ ಎಂದು ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದರು. ಮಾಡಿದೆ. ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಬಟ್ಟೆ ಅಂಗಡಿ. ಈಗ ಪ್ರಶಾಂತ ನೋಡಿಕೊಳ್ಳುತ್ತಾನೆ. ಅವನ ಅಪ್ಪ ವಿಠೋಬ ಇದ್ದಷ್ಟು ಕಾಲ ಅಲ್ಲಿ ಗಾಜಿನ ಬಾಗಿಲು ಇರಲಿಲ್ಲ, ಅಗಲವಾದ ಕಲ್ಲಿನ ಮೆಟ್ಟಿಲಿತ್ತು. ಬೆಳಂಬಾರದಿಂದ ತರಕಾರಿ, ಹಣ್ಣು ಹೊತ್ತು ಬೆಳಗಿನ ಬಸ್ಸಿಗೆ ಬರುವ ಹೆಂಗಸರು ಅಲ್ಲೇ ಹೊರೆ ಇಳಿಸುತ್ತಿದ್ದರು. ತಲೆಯ ಮೇಲಿನ ತುಂಬಿದ ಬುಟ್ಟಿಯನ್ನು ಒಬ್ಬರೇ ಇಳಿಸಲಾಗದು, ಒಬ್ಬರೇ ಏರಿಸಲೂ ಆಗದು. ಇನ್ನೊಬ್ಬರ ಕೈ ಬೇಕೇ ಬೇಕು. ಆ ಕೈ ವಿಠೋಬನದು. ಗಿರಾಕಿಯ ಮುಂದೆ ಸೀರೆ ಹರಡಿದ್ದರೂ "ವನ್ ಮಿನಿಟ್ ಬಾಯೀ" ಎಂದು ಓಡಿಬರುತ್ತಿದ್ದ. ಬೆವರು ಒರೆಸಿಕೊಳ್ಳಲು ಅವರಿಗೆ ನೆರಳು, ಕುಡಿಯಲು ತಂಬಿಗೆ ನೀರು. ಎಷ್ಟು ಸರಳವಾಗಿತ್ತು ಎಲ್ಲ!

ಅದರ ಫಲ ಏನು ಗೊತ್ತೇ? ಬೆಳಂಬಾರದ ಅವರ ಕೇರಿಯಲ್ಲಿ ಮದುವೆ ಎಂದರೆ ಬಟ್ಟೆ ವಿಠೋಬನ ಅಂಗಡಿಯದೇ. ಅಂಕೋಲೆ ಪೇಟೆ ಪಕ್ಕದಲ್ಲೇ ಇದ್ದರೂ ಅದನ್ನು ದಾಟಿ ಕಾರವಾರಕ್ಕೆ ಬರುತ್ತಿದ್ದರು. ಬರುವಾಗ ಒಂದು ಬುಟ್ಟಿ ಇಶಾಡ ಮಾವಿನಹಣ್ಣು, ಅಂಗಡಿಯ ಮನೆಯವರಿಗೆಂದೇ. ಆ ಬುಟ್ಟಿಯನ್ನು ಅಂಗಡಿಯವರೇ ಕೈಕೊಟ್ಟು ಇಳಿಸಬೇಕು. ಆಮೇಲೆಯೇ ಸೀರೆಯ ಮಾತು. ಅದು ರೂಢಿ.

ಕಳೆದ ವಾರ ಬೆಳಂಬಾರದ ಗಣಪಿ ಬಂದಳು. ನಮ್ಮ ಮನೆಗೆ ವರ್ಷಗಳಿಂದ ಬಸಳೆ, ಹರಿವೆ ಕೊಡುವವಳು. ಮೊಮ್ಮಗಳ ಮದುವೆ. "ನೀವು ಸಂಗ್ತಿಗೆ ಬನ್ನಿ ಬಾಯೋರೆ, ಕಲರ್ ನೋಡೂಕೆ" ಎಂದಳು. ಹೋದೆ. ಅವಳ ತಲೆಯ ಮೇಲೆ ಇಶಾಡಿನ ಬುಟ್ಟಿ. ಹಿಂದೆ ಮಗಳು, ಸೊಸೆ, ನಾಚಿಕೊಂಡ ಮದುಮಗಳು.

ಬಾಗಿಲಲ್ಲಿ ವಾಚ್‌ಮನ್. "ಏಯ್, ಮುಂದ್ ಹೋಗು! ಇಲ್ಲಿ ಹಣ್ಣು ಮಾರೂಕಿಲ್ಲ."

"ಮಾರೂಕಲ್ಲ ಮಾರಾಯಾ. ನಿಮ್ ಸಾವ್ಕಾರ್ರಿಗೇ ತಂದದ್ದು. ಕೈ ಕೊಡು, ಇಳ್ಸ್ತೆ."

"ಅದೆಲ್ಲ ಹಿಂದ್ಗಡೆ ಗೇಟಿಗೆ."

ಅಷ್ಟರಲ್ಲಿ ಪ್ರಶಾಂತ ನನ್ನನ್ನು ಕಂಡು ಗಾಜಿನ ಬಾಗಿಲನ್ನು ಸ್ವಲ್ಪವೇ ಸರಿಸಿದ. (ಏಸಿ ಹೊರಗೆ ಹೋಗಬಾರದಲ್ಲ.) "ಆಂಟೀ, ಒಳಗೆ ಬನ್ನಿ! ವೆಡ್ಡಿಂಗ್ ಕಲೆಕ್ಷನ್ ಫಸ್ಟ್ ಫ್ಲೋರ್." ಆಮೇಲೆ ಗಣಪಿಗೆ, "ಬುಟ್ಟಿ ಮಾತ್ರ ಹೊರಗೇ ಇಡಿ, ಪ್ಲೀಸ್."

"ಹೊರಗೆ ಎಲ್ಲಿ ಇಡುದು? ನಿನ್ ಮೊಳೆ ಮೇಲಾ?"

"ಅತ್ತೇ, ಹಣ್ಣು ಹೆಚ್ಚೂಕೆ ಇಟ್ಕಂಡಿರ್ಬೇಕು" ಎಂದಳು ಸೊಸೆ. ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಪ್ರಶಾಂತ ನಗಲಿಲ್ಲ. ಡಿಸೈನ್ ಎಲಿಮೆಂಟಿನ ಮಾತು ಬಂದದ್ದು ಆಗಲೇ.

ಬಿಸಿಲು. ಬುಟ್ಟಿಯ ಕೆಳಗೆ ಗಣಪಿಯ ಸಿಂಬೆ ಜಾರುತ್ತಿತ್ತು. ಸೊಸೆ ಕೈ ಚಾಚಿದಳು. "ನೀ ಬ್ಯಾಡ" ಎಂದಳು ಗಣಪಿ, ಕಣ್ಣು ಪ್ರಶಾಂತನ ಮೇಲೆ. ಅವನು ಒಂದು ಹೆಜ್ಜೆ ಮುಂದಿಟ್ಟ. ನಾನು ಪೆದ್ದಿ, ಕೈಕೊಡಲು ಹೊರಗೆ ಬರುತ್ತಾನೆ ಎಂದುಕೊಂಡೆ. ಅವನು ಜೇಬಿನಿಂದ ತೆಗೆದದ್ದು ಒಂದು ಕಾರ್ಡ್.

"ಲಾಯಲ್ಟಿ ಕಾರ್ಡ್, ಆಂಟಿ. ಇವರಿಗೂ ಕೊಡ್ತೇನೆ. ಕಸ್ಟಮರ್ ರಿಲೇಷನ್‌ಶಿಪ್ ಬೆಳೆಸೂಕೆ ಹೊಸ ಸ್ಕೀಮ್."

ರಿಲೇಷನ್‌ಶಿಪ್ ಅಂತೆ! ತಲೆತಲಾಂತರದ ನಂಟು ತಲೆಯ ಮೇಲೆ ಹಣ್ಣು ಹೊತ್ತು ಎದುರಿಗೆ ನಿಂತಿದೆ, ಇವನು ಪ್ಲಾಸ್ಟಿಕ್ ಕಾರ್ಡ್ ಹಿಡಿದು ರಿಲೇಷನ್‌ಶಿಪ್ ಬೆಳೆಸುತ್ತಾನಂತೆ! ಹೌ ಡೇರ್ ಯು ಎಂದು ಬಾಯಿಗೆ ಬಂದಿತ್ತು. ಅದಕ್ಕೆ ಮೊದಲೇ ಗಣಪಿ, "ನಡೀರಿ" ಎಂದಳು. ಕೂಗಲಿಲ್ಲ, ಬೈಯಲಿಲ್ಲ. ತಿರುಗಿ ನಡೆದಳು, ಅಷ್ಟೆ. ಎಲ್ಲರೂ ಹಿಂದೆ ಹೊರಟರು. ನಾನೂ.

ಬಸ್ಸು ಹತ್ತಿ ಅಂಕೋಲೆಗೆ. ಬಸ್ಸಿನಲ್ಲಿ ಬುಟ್ಟಿಗೆ ಸೊಸೆ ಕೈಕೊಟ್ಟಳು, ಇಳಿದ ಮೇಲೆ ಅದು ಮತ್ತೆ ಗಣಪಿಯ ತಲೆಗೆ. ಅಲ್ಲಿ ಯಾವುದೋ ಒಂದು ಬಟ್ಟೆ ಅಂಗಡಿ. ಯಾರಿಗೂ ಯಾರ ಪರಿಚಯವೂ ಇಲ್ಲ. ಗಲ್ಲೆಯ ಮೇಲಿದ್ದ ಹೆಂಗಸು ನಮ್ಮನ್ನು ಕಂಡವಳೇ ಬಟ್ಟೆಯ ಥಾನನ್ನು ಬದಿಗೆ ಸರಿಸಿ ಹೊರಗೆ ಬಂದಳು. "ತಡಿ ತಡಿ, ಎಷ್ಟೊತ್ತಿಂದ ಹೊತ್ಕಂಡೀಯೆ?" ಎನ್ನುತ್ತ ಬುಟ್ಟಿಗೆ ಎರಡೂ ಕೈ ಕೊಟ್ಟಳು. ಮದುವೆಯ ಗಿರಾಕಿಗಳು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಹಣ್ಣು ಮಾರುವವಳು ಎಂದೇ ತಿಳಿದಿದ್ದಳು. ಬುಟ್ಟಿ ಕೆಳಗಿಟ್ಟಾಗ ಗಣಪಿ ಅತ್ತ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆವರೇ ಇರಬೇಕು.

ಹಣ್ಣು ಅಲ್ಲೇ ಉಳಿಯಿತು. ಧಾರೆ ಸೀರೆಯಿಂದ ಹಿಡಿದು ನೆಂಟರಿಷ್ಟರ ಬ್ಲೌಸ್ ಪೀಸಿನವರೆಗೆ ಎಲ್ಲ ಅಲ್ಲೇ ಆಯಿತು. (ಕಲರ್ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ.) ಮುಂದಿನ ಮದುವೆಗೂ ಅಲ್ಲಿಗೇ ಹೋಗುತ್ತಾರೆ. ನನಗೆ ಅನುಮಾನವೇ ಇಲ್ಲ.

ಸಂಜೆ ಪ್ರಶಾಂತನ ಫೋನ್. "ಆಂಟಿ, ಅವ್ರೆಲ್ಲ ಅಂಕೋಲೆಗೆ ಹೋದ್ರಂತಲ್ಲ. ಅಲ್ಲಿ ಎಷ್ಟು ಪರ್ಸೆಂಟ್ ಡಿಸ್ಕೌಂಟ್ ಕೊಟ್ರು?"

ಇವನಿಗೆ ನಾನು ಎಷ್ಟು ಪರ್ಸೆಂಟ್ ಅಂತ ಹೇಳಲಿ?